ನನ್ನ ತಲೆಗೆ ಹುಳ ಬಿದ್ದಿರಲಿಲ್ಲ

ಕೂದಲು ಹೋದಾಗ ನನಗೆ ಅಳು ಬಂತು. ಯಾಕೆ ಹೋಯಿತು ಅಂತ ಹೇಳಲು ಊರೆಲ್ಲ ಬಂದಾಗ ಸಿಟ್ಟು ಬಂತು. ಅಳು ಎಂದೋ ನಿಂತಿದೆ. ಸಿಟ್ಟು ಮಾತ್ರ ಇನ್ನೂ ಇದೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಿಮ್ಮ ತಲೆಯಲ್ಲೂ ಇದ್ದಕ್ಕಿದ್ದಂತೆ ಒಂದು ಜಾಗ ನುಣ್ಣಗಾಗಿದ್ದರೆ, ಕನ್ನಡಿ ನೋಡುವುದನ್ನೇ ಬಿಟ್ಟಿದ್ದರೆ, ಇದನ್ನು ಓದಿ. ಸಮಾಧಾನ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಸಿಟ್ಟು ಮಾಡಲು ಒಬ್ಬಳು ಜೊತೆಗಿದ್ದಾಳೆ ಅಂತಾದರೂ ತಿಳಿಯುತ್ತದೆ.

ನನ್ನ ಹೆಸರು ಅನ್ನಪೂರ್ಣಾ. ತವರು ಗುಡೂರು, ಕೊಟ್ಟದ್ದು ಇಳಕಲ್ಲಿಗೆ. ಎರಡೂ ಕಡೆ ನೇಯುವ ಮನೆತನ. ಇಳಕಲ್ಲ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ನಾವು ಹಾಸು ಅನ್ನುತ್ತೇವೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಮತ್ತೆ ಮೊದಲಿನಿಂದ. ಕೂತು ಕೂತು ಸೊಂಟ ಹಿಡಿಯುವ ಕೆಲಸ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನಾನು ಹಾಕಿದ ಕೊಂಡಿಗಳನ್ನು ಎಳೆದೆಳೆದು ನೋಡಿ, "ಈಕಿ ಹಾಕಿದ್ದು ಬಿಚ್ಚಂಗಿಲ್ಲ" ಎಂದು ಓಣಿಗೆಲ್ಲ ಸಾರಿದ್ದರು. ಮಗ್ಗದ ಕುಣಿಯಲ್ಲಿ ಕೂರುವವರು ನನ್ನ ಗಂಡ ಪರಶುರಾಮ. ಆದರೆ ನಾನು ಕೂಡಿಸಿ ಕೊಡದೆ ಅವರ ಲಾಳಿ ಓಡುವುದಿಲ್ಲ. ಆ ಹೆಮ್ಮೆ ನನಗಿತ್ತು, ಯಾಕೆ ಇರಬಾರದು?

ಒಂದು ಶುಕ್ರವಾರ ತಲೆಗೆ ಎರೆದುಕೊಂಡು ಬಿಸಿಲಿಗೆ ಕೂತಿದ್ದೆ. ಅತ್ತೆ ಹೆಣಲು ಹಾಕಲು ಬಂದರು. ನನ್ನ ಕೂದಲೆಂದರೆ ಅವರಿಗೆ ಭಾರಿ ಪ್ರೀತಿ, ತಾವೇ ಬಾಚುತ್ತಿದ್ದರು. ಬೈತಲೆ ತೆಗೆಯುತ್ತಿದ್ದ ಅವರ ಬೆರಳು ಕಿವಿಯ ಮೇಲ್ಗಡೆ ನಿಂತುಬಿಟ್ಟಿತು.

"ಏನವಾ ಇದು? ರೂಪಾಯಿ ಬಿಲ್ಲಿಯಷ್ಟು ಜಾಗಾ ನುಣ್ಣಗಾಗೇತಿ."

ಮುಟ್ಟಿ ನೋಡಿಕೊಂಡೆ. ನೋವಿಲ್ಲ, ತುರಿಕೆಯಿಲ್ಲ, ಕೂದಲೂ ಇಲ್ಲ. ಅತ್ತೆ ಬಾಚಣಿಗೆ ಕೆಳಗಿಟ್ಟು ಎದ್ದರು. ಅಯ್ಯೋ ನನ್ನ ಸೊಸಿ ಅನ್ನಲಿಲ್ಲ. ನೆಟ್ಟಗೆ ಒಳಗೆ ಹೋಗಿ ಮಗ್ಗದ ಮೇಲಿದ್ದ ಹಾಸನ್ನು ಬಗ್ಗಿ ಬಗ್ಗಿ ನೋಡಿದರು, ಸುತ್ತಿಟ್ಟಿದ್ದ ಇನ್ನೊಂದು ಹಾಸನ್ನು ಬಿಚ್ಚಿ ಅಂಗಳದಲ್ಲಿ ಝಾಡಿಸಿದರು. ಆಮೇಲೆ ಬಾಗಿಲಲ್ಲಿ ನಿಂತು ಹೇಳಿದರು, "ಹುಳ ತಿಂದೇತಿ."

ಈ ಮಾತು ನೇಕಾರರಲ್ಲದವರಿಗೆ ಹೊಳೆಯುವುದಿಲ್ಲ, ಹೇಳುತ್ತೇನೆ. ಗಂಜಿ ಹಚ್ಚಿದ ನೂಲಿಗೆ ಹುಳ ಬೀಳುವುದುಂಟು. ಇಲ್ಲೊಂದು ಎಳೆ, ಅಲ್ಲೊಂದು ಎಳೆ ಕತ್ತರಿಸಿ, ಇಟ್ಟಲ್ಲೇ ಹಾಸು ಹಾಳಾಗುತ್ತದೆ. ಹೀಗಾಗಿ ನಮ್ಮವರಿಗೆ ಹುಳ ಅಂದರೆ ಹಾವಿಗಿಂತ ಹೆಚ್ಚು ಭಯ. ಕೂದಲೂ ಎಳೆ, ನೂಲೂ ಎಳೆ. ಅದನ್ನು ತಿನ್ನುವ ಹುಳ ಇದನ್ನು ಬಿಡುತ್ತದೆಯೇ? ನೂಲಿನಿಂದ ತಲೆಗೆ ಹತ್ತಿತೋ, ತಲೆಯಿಂದ ನೂಲಿಗೆ ಇಳಿಯುತ್ತದೋ, ಯಾವುದಕ್ಕೂ ಇರಲಿ, ದೂರ ಇಡು. ಇದು ಅತ್ತೆಯ ಲೆಕ್ಕ. ಓಣಿಯ ಲೆಕ್ಕವೂ ಅದೇ.

ಮರುದಿನ ಕೊಂಡಿಗೆ ಕೂರಲು ಹೋದರೆ ಅಲ್ಲಿ ಪಕ್ಕದ ಮನೆಯ ಕಮಲವ್ವ ಕೂತಿದ್ದಳು.

"ಹುಳ ಹೋಗೂ ತನಕಾ ನೀ ಮಗ್ಗದ ಕೋಣಿಗೆ ಬರಬ್ಯಾಡ," ಎಂದರು ಅತ್ತೆ. "ಅಡಗಿ ಮನ್ಯಾಗ ನಿನಗೇನು ಕೆಲಸ ಕಡಿಮಿ ಐತೇನು?"

ನೋಡಿ ಹೇಗಿದೆ! ನೂಲಿಗೆ ಹಾರುವ ಹುಳ ರೊಟ್ಟಿಗೆ ಹಾರುವುದಿಲ್ಲವಂತೆ. ನನ್ನ ಕೈಯ ರೊಟ್ಟಿ ಮೂರು ಹೊತ್ತೂ ಬೇಕು, ನನ್ನ ಕೈಯ ಕೊಂಡಿ ಬೇಡ. ಗಂಡನ ಮುಖ ನೋಡಿದೆ. ಅವರು ಲಾಳಿಯೊಳಗಿನ ನೂಲಿನ ಕಂಡಿಕೆ ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅವ್ವ ಮತ್ತು ಹೆಂಡತಿ ನಡುವೆ ಮಾತು ಬಂದರೆ ಅವರಿಗೆ ಎರಡೂ ಕಿವಿ ಕೇಳಿಸುವುದಿಲ್ಲ.

ಹೊರಗೂ ಅಷ್ಟೇ. ನಳದ ಹತ್ತಿರ ನಿಂತರೆ ಒಬ್ಬಳು ಉಳ್ಳಾಗಡ್ಡಿ ತಿಕ್ಕು ಅಂದಳು, ಇನ್ನೊಬ್ಬಳು ಬೆಳ್ಳುಳ್ಳಿ. ಒಬ್ಬಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏನರ ಹರಕಿ ತಪ್ಪಿಸಿರೇನು?" ಎಂದು ಕೇಳಿದಳು. ಬೋಳುತಲೆಯ ಗಂಡಸನ್ನು ಯಾರಾದರೂ ಹಾಗೆ ಕೇಳಿದ್ದುಂಟೇ? ನಮ್ಮ ಮಾವನವರ ಫೋಟೋ ಪಡಸಾಲೆಯಲ್ಲಿ ತೂಗುಹಾಕಿದೆ, ತಲೆ ಫಳಫಳ ಹೊಳೆಯುತ್ತಿದೆ. ಹಿರಿಯರು, ಅನುಭವಸ್ಥರು ಅಂತ ದಿನಾ ಹೂವು ಏರಿಸುತ್ತೇವೆ. ಅವರ ಕೂದಲನ್ನು ಯಾವ ಹುಳ ತಿಂದಿತು ಅಂತ ಯಾರೂ ಚರ್ಚೆ ಮಾಡಿಲ್ಲ.

ಹುನಗುಂದದಲ್ಲಿ ಒಬ್ಬ ಹುಳ ಸಾಯಿಸುತ್ತಾನೆ ಅಂತ ಅತ್ತೆಗೆ ಯಾರೋ ಹೇಳಿದರು. ಹೋದೆವು. ಅವನು ನನ್ನ ತಲೆಯ ನುಣ್ಣನೆಯ ಜಾಗವನ್ನು ಒರಟು ಬಟ್ಟೆಯಿಂದ ರಕ್ತ ಜಿನುಗುವವರೆಗೆ ತಿಕ್ಕಿ, ಬಟ್ಟೆಗೆ ಗುರುತು ಹಾಕುವ ಗೇರಿನ ಎಣ್ಣೆ ಹಚ್ಚಿದ. ತಲೆಗೆ ಬೆಂಕಿ ಬಿದ್ದ ಹಾಗಾಯಿತು. "ಉರಿತೈತಿ ಅಂದ್ರ ಹುಳ ಸಾಯಾಕತ್ತೈತಿ," ಎಂದ. ಮನೆಗೆ ಬರುವಷ್ಟರಲ್ಲಿ ಬೊಬ್ಬೆ ಎದ್ದಿತ್ತು, ಕಣ್ಣು ಬಾತಿತ್ತು. ಹುಳ ಸಾಯಲಿಲ್ಲ, ಇರಲೇ ಇಲ್ಲವಲ್ಲ ಸಾಯಲು. ಅದು ಮಾಗುವಷ್ಟರಲ್ಲಿ ಇನ್ನೂ ಎರಡು ಕಡೆ ನುಣ್ಣಗಾಯಿತು. ಹಿಂದುಗಡೆ ಒಂದು ಅಂಗೈ ಅಗಲ. ಮುಂಜಾನೆ ತಲೆದಿಂಬಿನ ಮೇಲೆ ಕೂದಲಿನ ಉಂಡೆ ಬಿದ್ದಿರುತ್ತಿತ್ತು, ನಾನು ಯಾರೂ ಏಳುವ ಮೊದಲು ಅದನ್ನು ಒಲೆಗೆ ಹಾಕುತ್ತಿದ್ದೆ. ಹೆದರಿದ್ದೆ. ಸಾಯುತ್ತೇನೆ ಅಂತಲ್ಲ. ಇನ್ನು ಜೀವನವಿಡೀ ಅಡುಗೆಮನೆಯ ಹೊಸ್ತಿಲಿನಿಂದ ಕಮಲವ್ವನ ಬೆನ್ನು ನೋಡುತ್ತಾ ಇರಬೇಕೇನೋ ಅಂತ.

ಆ ಬೊಬ್ಬೆ ನೋಡಿದ ಮೇಲೆ ಗಂಡನಿಗೆ ಒಂದು ಕಿವಿಯಾದರೂ ಕೇಳಿಸಿತು. "ನಡಿ, ಬಾಗಲಕೋಟಿಗೆ ಹೋಗೂಣು," ಎಂದರು. ಮಗ್ಗ ನಿಲ್ಲಿಸಿ ಬಂದರು. ಅವ್ವ ಏನೋ ಅಂದದ್ದಕ್ಕೆ, "ನೀ ಸುಮ್ನಿರಬೇ," ಎಂದರು. ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಬಾಗಲಕೋಟೆ ನವನಗರದ ದೊಡ್ಡ ದವಾಖಾನೆಯ ಚರ್ಮದ ವಿಭಾಗದ ಮುಂದೆ ಉದ್ದನೆಯ ಬೆಂಚು. ತೊಂಡೆಹಣ್ಣಿನಂಥ ಕೆಂಪು ಟೊಪ್ಪಿಗೆ ಹಾಕಿದ ಒಬ್ಬ ಪೋರ, ಮುಖ ಮುಚ್ಚಿಕೊಂಡ ಒಬ್ಬ ಮುದುಕಿ, ಹಣೆಯ ಮೇಲಿನ ಕೂದಲು ಹಿಂದೆ ಸರಿದಿದೆ ಅಂತ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿಕೊಳ್ಳುವ ಒಬ್ಬ ಮದುವೆ ವಯಸ್ಸಿನ ಹುಡುಗ. ಎಲ್ಲರೂ ಒಬ್ಬರ ತಲೆಯನ್ನೊಬ್ಬರು ಕದ್ದು ನೋಡುವವರೇ. ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದೆ. ಬದಿಯಲ್ಲಿದ್ದ ಅಮೀನಗಡದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು, "ನಿಮಗೂ ಹುಳ ಅಂದ್ರೇನ್ರಿ?" ಹೌದೆಂದೆ. "ನನ್ನ ಅಡಗಿ ಮನಿ ಬಿಡಿಸ್ಯಾರ್ರಿ," ಎಂದಳು. "ನನ್ನ ಅಡಗಿ ಮನ್ಯಾಗ ಕೂಡಿಸ್ಯಾರ," ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ನರ್ಸು ಗದರಿಸಿದಳು. ತಿಂಗಳುಗಟ್ಟಲೆ ಆದಮೇಲೆ ನಾನು ನಕ್ಕದ್ದು ಅವತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯವರು. ಸೆರಗು ಸರಿಸಿ, ಗ್ಲೌಸಿಲ್ಲದ ಬರಿಗೈಯಿಂದ ನನ್ನ ತಲೆಯ ನುಣ್ಣನೆಯ ಜಾಗವನ್ನು ಮುಟ್ಟಿದರು. ನಾನೇ ಹಿಂದೆ ಸರಿದೆ.

"ಮುಟ್ಟಬ್ಯಾಡ್ರಿ, ಹತ್ತೀತು."

"ಹತ್ತೋದಿಲ್ಲಮ್ಮ. ಇದು ಹುಳ ಅಲ್ಲ, ಅಂಟುಜಾಡ್ಯವೂ ಅಲ್ಲ," ಎಂದರು. "ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಕೂದಲಿನ ಬೇರನ್ನು ವೈರಿ ಅಂದುಕೊಂಡಿದೆ. ನೀವು ಏನೂ ತಪ್ಪು ಮಾಡಿಲ್ಲ."

ಆ ಕಡೆಯ ಮಾತಿಗೆ ನಾನು ಅಲ್ಲಿಯೇ ಗೊಳೋ ಎಂದು ಅತ್ತುಬಿಟ್ಟೆ. ನಾನು ತಪ್ಪು ಮಾಡಿಲ್ಲ ಅಂತ ಅಷ್ಟು ದಿನದಲ್ಲಿ ಒಬ್ಬರಾದರೂ ಹೇಳಿರಲಿಲ್ಲ. ಪೂರ್ತಿ ವಾಸಿಯಾಗುತ್ತದೆಯೇ ಅಂತ ಗಂಡ ಕೇಳಿದ್ದಕ್ಕೆ, "ಗೊತ್ತಿಲ್ಲ. ಬರಬಹುದು, ಮತ್ತೆ ಹೋಗಬಹುದು," ಎಂದರು. ಟಿವಿಯಲ್ಲಿ ಎಣ್ಣೆ ಮಾರುವವರು ಎಲ್ಲವೂ ಗೊತ್ತು ಅನ್ನುತ್ತಾರೆ, ಓದಿದ ಡಾಕ್ಟರು ಗೊತ್ತಿಲ್ಲ ಅನ್ನುತ್ತಾರೆ. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅದರಿಂದ. ತಲೆಗೆ ಸಣ್ಣ ಸೂಜಿಯಿಂದ ಅಲ್ಲಲ್ಲಿ ಚುಚ್ಚಿದರು. ಗೇರೆಣ್ಣೆ ತಿಂದ ತಲೆಗೆ ಆ ಸೂಜಿ ಯಾವ ಲೆಕ್ಕ?

ಮನೆಗೆ ಬಂದು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಂಗಂತ ಡಾಕ್ಟರು ಅಂದಳೇನು? ಆಕಿ ಎಂದರ ಮಗ್ಗ ನೇದಾಳ? ಹುಳ ಬಿದ್ದ ಹಾಸು ನೋಡ್ಯಾಳ?" ಎಂದು ಎದ್ದು ಹೋದರು. ಕಮಲವ್ವ ಹಾಗೇ ಕೊಂಡಿಗೆ ಕೂತಳು. ಅವಳ ಕೊಂಡಿ ನೇಯುವಾಗ ಪಟಪಟ ಬಿಚ್ಚುತ್ತಿದ್ದವು, ಗಂಡ ಮಗ್ಗ ನಿಲ್ಲಿಸಿ ನಿಲ್ಲಿಸಿ ಕಟ್ಟುತ್ತಿದ್ದರು. ಮಗ್ಗದ ಸದ್ದು ನಿಂತಾಗಲೆಲ್ಲ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಹೊಸ್ತಿಲಿಗೆ ಬಂದು ಕಿವಿಗೊಡುತ್ತಿದ್ದೆ.

ಮುಂದಿನ ಸಲ ಹೋದಾಗ ಡಾಕ್ಟರು ಹೊಸ ಮಾತು ತೆಗೆದರು. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಯಾಕೆ ಇಳಿದು ಬರುತ್ತದೆ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ ಅಂತ ಸಂಶೋಧನೆ ನಡೆದಿದೆಯಂತೆ. ಬೇರುಗಳ ಮೇಲೆ ಏರಿ ಹೋಗುವ ಆ ಶಕ್ತಿಯನ್ನು ಹಿಡಿದು ನಿಲ್ಲಿಸುವ ಹೊಸ ಗುಳಿಗೆಗಳೂ ಬಂದಿವೆಯಂತೆ, ನುಂಗುವಷ್ಟು ದಿನ ಮಾತ್ರ ಗುಣ, ನನಗೆ ಸದ್ಯ ಬೇಡವಂತೆ. "ನಿಮ್ಮ ರಕ್ತ ಕೊಡ್ತೀರಾ? ಒಡಹುಟ್ಟಿದವರು ಯಾರಾದರೂ ಕೊಟ್ಟರೆ ಇನ್ನೂ ಒಳ್ಳೆಯದು. ಇಷ್ಟ ಇದ್ದರೆ ಮಾತ್ರ. ಯಾರ ಹೆಸರೂ ಹೊರಗೆ ಹೋಗೋದಿಲ್ಲ," ಎಂದರು. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯಾ?" ಎಂದೂ ಕೇಳಿದರು. ಇಲ್ಲ ಎಂದೆ. ನಾನು ಕೊಟ್ಟೆ. ಒಡಹುಟ್ಟಿದವನೆಂದರೆ ಒಬ್ಬನೇ, ಗುಡೂರಿನ ಈರಣ್ಣ, ನನ್ನ ಅಣ್ಣ.

ಅವನ ಬಗ್ಗೆ ಹೇಳಬೇಕು. ಮಗ್ಗದ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವುದು ಅವನ ಕಸುಬು. ಮುಂಜಾನೆ ಓಣಿಯುದ್ದ ಹಾಸು ಬಿಗಿದು, ಕುಂಚದಿಂದ ಗಂಜಿ ತೀಡಿ ಒಣಗಿಸುತ್ತಾನೆ. ಈರಣ್ಣನ ಹಾಸು ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ನಮ್ಮ ಮಗ್ಗಕ್ಕೆ ಬರುವುದೂ ಅವನದೇ ಹಾಸು. ಸದಾ ಠಾಕುಠೀಕು, ದಿನಾ ದಾಡಿ. ಶ್ರಾವಣದಲ್ಲಿ ಊರ ಗಂಡಸರೆಲ್ಲ ದಾಡಿ ಬಿಟ್ಟರೂ ಅವನು ಬಿಡುವವನಲ್ಲ. ದೇವರಿಗೂ ಅಂಜದ ಸಾಹೇಬ ಅಂತ ಗೆಳೆಯರು ಕಾಡಿಸುತ್ತಿದ್ದರು.

ಫೋನು ಮಾಡಿ ವಿಷಯ ಹೇಳಿದ್ದೇ ತಡ, ಅವನು ಸಿಡಿದ. "ನಮ್ಮ ವಂಶದಾಗ ಇಂಥಾದ್ದು ಯಾರಿಗೂ ಇಲ್ಲ. ರಕ್ತಾ ಗಿಕ್ತಾ ಅಂತ ಮನಿ ಮರ್ಯಾದಿ ಕಳೀಬ್ಯಾಡ. ಹುಳಾನ ಇರಬೇಕು, ಮದ್ದು ಮಾಡಿಸ್ಕೋ." ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. ಅವತ್ತು ಸಂಜೆ ಅತ್ತೆ ಗೆದ್ದ ಮುಖ ಮಾಡಿಕೊಂಡು ಬಂದರು. ಅವನು ಅವರಿಗೂ ಫೋನು ಮಾಡಿದ್ದ. "ನಿನ್ನ ಒಡಹುಟ್ಟಿದಾವನ ಹೇಳ್ಯಾನ, ಹುಳ ಹೋಗೂ ತನಕಾ ಈಕಿನ್ನ ಕೊಂಡಿಗೆ ಕೂಡಿಸಬ್ಯಾಡ್ರಿ ಅಂತ. ಈಗ ಏನಂತಿ?"

ಏನನ್ನಲಿ? ಅತ್ತೆಯ ಮಾತು ಅಜ್ಞಾನ ಅಂತ ನುಂಗಿಕೊಂಡಿದ್ದೆ. ಇದು ನನ್ನ ರಕ್ತ. ಆ ವಾರವೇ ಹೇಳದೆ ಕೇಳದೆ ಗುಡೂರಿನ ಬಸ್ಸು ಹತ್ತಿದೆ. ಎದುರಿಗೆ ನಿಂತು ಕೇಳಬೇಕಿತ್ತು.

ಬಾಗಿಲು ತೆರೆದವಳು ವೈನಿ, ಅಣ್ಣನ ಹೆಂಡತಿ. ಅಣ್ಣನಿಗೆ ಜ್ವರ ಬಂದು ವಾರವಾಗಿತ್ತು, ಕೀಲು ಕೀಲು ಹಿಡಿದಿದ್ದವು. ಹಾಸಿಗೆಯಲ್ಲಿ ಮುಖದ ತುಂಬ ಟವೆಲು ಸುತ್ತಿಕೊಂಡು ಮಲಗಿದ್ದ. ನನ್ನ ದನಿ ಕೇಳಿ ಅದನ್ನು ಇನ್ನೂ ಬಿಗಿ ಮಾಡಿದ.

"ಇಂಥಾ ಬಿಸಿಲಾಗ ಟವೆಲ್ ಯಾಕೋ ಅಣ್ಣಾ?"

"ಥಂಡಿ."

ವೈನಿ ಅವನನ್ನೊಮ್ಮೆ ನೋಡಿದಳು, ನನ್ನ ತಲೆಯನ್ನೊಮ್ಮೆ ನೋಡಿದಳು. ಆಮೇಲೆ ಹೋಗಿ ಟವೆಲನ್ನು ಎಳೆದುಬಿಟ್ಟಳು. "ಇನ್ನ ಸಾಕ್ರಿ," ಎಂದಳು. "ನನ್ನ ಕಡೆ ಆಗಂಗಿಲ್ಲ."

ವಾರದ ದಾಡಿ, ಅರ್ಧ ನರೆತದ್ದು. ಅದರ ನಡುವೆ ದವಡೆಯ ಕೆಳಗೆ ಒಂದು ದುಂಡನೆಯ ಜಾಗ, ಗದ್ದದ ಕೆಳಗೆ ಇನ್ನೊಂದು. ನುಣ್ಣಗೆ. ಒಂದು ರೋಮವಿಲ್ಲ. ನನ್ನ ಕಿವಿಯ ಮೇಲಿನದನ್ನೇ ಕಿತ್ತು ಅಲ್ಲಿ ಇಟ್ಟಂತಿತ್ತು.

ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದೆ. "ಎಂದಿನಿಂದ?"

"ಸಣ್ಣ ಮಗಳು ಹುಟ್ಟಿದ ವರ್ಷದಿಂದ," ಎಂದಳು ವೈನಿ. ಆ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. "ದಿನಾ ಬಾಗಲಾ ಹಾಕ್ಕೊಂಡು ದಾಡಿ ಮಾಡ್ಕೋತಾರ. ಕ್ಷೌರದಂಗಡಿಗೆ ಹೋಗೂದ ಬಿಟ್ಟಾರ."

"ಊರಾಗ ಗೊತ್ತಾದ್ರ ನನ್ನ ಕೈಯಾಗ ಯಾರವಾ ಹಾಸು ಕೊಡ್ತಾರ?" ಎಂದ ಅಣ್ಣ. ಗೋಡೆಯ ಕಡೆ ತಿರುಗಿದ್ದ. "ಹುಳ ಅಂತಾರ. ಹೊಟ್ಟಿ ಮ್ಯಾಲೆ ಹೊಡಿತಾರ."

"ಅದಕ್ಕ ನನ್ನ ಹೊಟ್ಟಿ ಮ್ಯಾಲೆ ನೀನ ಹೊಡದೇನು?"

ಅವನು ಮತ್ತೆ ಟವೆಲಿಗೆ ಕೈ ಚಾಚಿದ. ನಾನು ಬಿಡುವವಳಲ್ಲ. "ಇಷ್ಟ ವರ್ಷ ಊರ ಹಾಸು ಎಲ್ಲಾ ನಿನ್ನ ಕೈಯಾಗ ಹಾದು ಬಂದಾವ. ನನ್ನ ಮನಿ ಹಾಸು ನಿನ್ನ ಗದ್ದಕ್ಕ ತಾಗಿ ಬಂದಾವ. ಒಂದ ಎಳಿ, ಒಂದಽ ಒಂದ ಎಳಿ ಹುಳ ತಿಂದೈತೇನು? ಹೇಳು! ನಿನ್ನ ಮಾರಿನ ಸಾಕ್ಷಿ ಇತ್ತಲ್ಲೋ, ಹುಳ ಅಲ್ಲ ಅನ್ನಾಕ. ಟವೆಲಿನ್ಯಾಗ ಸುತ್ತಿಟ್ಟಿ. ಮ್ಯಾಲೆ ನನ್ನ ಎಬ್ಬಿಸಿ ಕಳಸ್ರಿ ಅಂತ ಫೋನ್ ಮಾಡಿದಿ!"

ಅಣ್ಣ ಅತ್ತ. ಅಪ್ಪ ತೀರಿಕೊಂಡಾಗ ಅತ್ತದ್ದು ಬಿಟ್ಟರೆ ಅವನು ಅತ್ತದ್ದನ್ನು ನಾನು ನೋಡಿಲ್ಲ. ಪಾಪ ಅನ್ನಿಸಲಿಲ್ಲವೇ ಅಂದರೆ, ಅನ್ನಿಸಿತು. ವರ್ಷಗಟ್ಟಲೆ ಒಬ್ಬನೇ ಕನ್ನಡಿಯ ಮುಂದೆ ಹೆದರಿಕೊಂಡು ನಿಂತವನು. ಆದರೆ ಪಾಪ ಅನ್ನಿಸಿದ್ದರಿಂದ ಸಿಟ್ಟು ಹೋಗಲಿಲ್ಲ, ಎರಡೂ ಕೂಡಿಯೇ ಇದ್ದವು.

"ರಕ್ತ ಕೊಡ್ತೇನಿ," ಎಂದ ಕೊನೆಗೆ. "ಯಾರಿಗೂ ಹೇಳಬ್ಯಾಡ."

"ರಕ್ತ ಡಾಕ್ಟರಿಗೆ ಕೊಡು. ನಮ್ಮ ಅತ್ತಿಗೆ ನಿನ್ನ ಮಾರಿ ತೋರಿಸು," ಎಂದು ಬಸ್ಸಿಗೆ ಬಂದೆ.

ಜ್ವರ ಬಿಟ್ಟ ಮೇಲೆ ಅವನು ಬಾಗಲಕೋಟೆಗೆ ಹೋಗಿ ರಕ್ತ ಕೊಟ್ಟ. ಡಾಕ್ಟರು ಅವನ ಗದ್ದ ನೋಡಿ, ಇಬ್ಬರದೂ ಒಂದೇ ಎಂದರು. ಅದರಿಂದ ನಾಳೆ ಯಾರಿಗೆ ಏನು ಔಷಧ ಸಿಗುತ್ತದೋ ನನಗೆ ತಿಳಿಯದು. ಸಿಗಲಿ. ನನ್ನ ತಲೆಯಲ್ಲಿ ಅಷ್ಟೊತ್ತಿಗೆ ಒಂದು ಕಡೆ ಬಿಳಿ ತುಪ್ಪಟದಂಥ ಕೂದಲು ಹುಟ್ಟುತ್ತಿತ್ತು, ಇನ್ನೊಂದು ಕಡೆ ಹೊಸದಾಗಿ ಉದುರುತ್ತಿತ್ತು. ಇಂದಿಗೂ ಹಾಗೇ ಇದೆ, ಒಂದು ಬರುತ್ತದೆ, ಒಂದು ಹೋಗುತ್ತದೆ. ನಾನು ಕಾವಲು ಕೂರುವುದನ್ನು ಬಿಟ್ಟಿದ್ದೇನೆ. ಆದರೆ ಅತ್ತೆಯ ಮುಂದೆ ಬರಲು ಮಾತ್ರ ಅಣ್ಣ ಇವತ್ತು ನಾಳೆ ಎನ್ನುತ್ತಲೇ ಇದ್ದ. ಕಮಲವ್ವ ಕೂತೇ ಇದ್ದಳು.

ಶ್ರಾವಣ ಹಿಡಿದು ಎರಡನೆಯ ಸೋಮವಾರ, ಮಧ್ಯಾಹ್ನ, ಹೊಸ ಹಾಸಿನ ಗಂಟು ಹೊತ್ತುಕೊಂಡು ಅಣ್ಣ ಬಂದ. ದಾಡಿ ಮಾಡಿರಲಿಲ್ಲ. ಪಡಸಾಲೆಯಲ್ಲಿ ಕೂತು, ಅತ್ತೆಯ ಎದುರು ಮುಖ ಎತ್ತಿದ.

"ಅತ್ತಿಯವರ, ನೋಡ್ರಿ. ನನಗೂ ಇದು ಐತಿ. ಭಾಳ ವರ್ಷ ಆತು. ನಾ ನಿಮಗ ಸುಳ್ಳು ಹೇಳಿನಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಂಡ ಲಾಳಿ ನಿಲ್ಲಿಸಿದರು. ಅತ್ತೆ ಕನ್ನಡಕ ಏರಿಸಿ ನೋಡಿದರು. ಹತ್ತಿರ ಬಗ್ಗಿ ನೋಡಿದರು.

"ಅಯ್ಯ, ಇಷ್ಟಽ ಹೌದಲ್ರಿ?" ಎಂದರು. "ಗಂಡಸರ ದಾಡಿಗೆ ಏನಾದ್ರ ಏನ್ ಬಿಡ್ರಿ. ಉಷ್ಣ ಇರಬೇಕು. ಚಾ ಕುಡೀತೀರೇನು?" ಎಂದು, ಅವನ ಹಾಸಿನ ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿ ಮಗ್ಗದ ಕೋಣೆಯಲ್ಲಿಟ್ಟು ಬಂದರು. ಝಾಡಿಸಲಿಲ್ಲ.

ಹುಳ ಎಲ್ಲಿ ಹೋಯಿತು? ನನ್ನ ತಲೆಯ ಮೇಲೆ ಹುಳ, ಅದೇ ಅವನ ಗದ್ದದ ಮೇಲೆ ಉಷ್ಣ! ನನ್ನನ್ನು ಸುಟ್ಟ ಗೇರೆಣ್ಣೆ, ನಾನು ಒಲೆಗೆ ಹಾಕಿದ ಕೂದಲು, ಹೊಸ್ತಿಲಿನಿಂದ ಕೇಳಿದ ಆ ನಿಂತ ಮಗ್ಗದ ಮೌನ, ಎಲ್ಲ ಒಮ್ಮೆಲೇ ಮೈಗೆ ಹತ್ತಿತು. ಆದರೆ ಕೂಗಲಿಲ್ಲ. ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗ್ಗದ ಕೋಣೆಗೆ ಹೋದೆ.

"ಕಮಲವ್ವ, ಏಳವಾ," ಎಂದೆ. ಅವಳು ಎದ್ದಳು. ಅವಳಿಗೂ ಆ ಕೆಲಸ ಸಾಕಾಗಿತ್ತು.

"ಏ, ಏ, ಏನ್ ಮಾಡಾಕತ್ತಿ?" ಎಂದು ಅತ್ತೆ ಓಡಿ ಬಂದರು.

"ಅಣ್ಣನ ಕೈ ಮುಟ್ಟಿದ ಹಾಸು ಒಳಗ ಬಂತಲ್ರಿ. ತಂಗಿ ಕೈಯೂ ಬರತೈತಿ. ನನಗೂ ಉಷ್ಣನ, ಹುಳ ಅಲ್ಲ. ಇಲ್ಲಾ ಅಂದ್ರ ಈ ಗಂಟು ಈಗ ತಿರುಗಿ ಗುಡೂರಿಗೆ ಕಳಸ್ರಿ, ಈಗ!"

ಅತ್ತೆ ಗಂಟನ್ನು ನೋಡಿದರು. ಮಗನನ್ನು ನೋಡಿದರು. ಮಗ ಮಗ್ಗದ ಕುಣಿಯಿಂದಲೇ, "ಯವ್ವಾ, ಕಮಲವ್ವನ ಕೊಂಡಿ ಕಟ್ಟಿ ಕಟ್ಟಿ ನನ್ನ ಕೈಬಟ್ಟು ಹೋಗ್ಯಾವು. ಆಕಿ ಕುಂದರ್ಲಿ," ಎಂದರು. ಹೆಂಡತಿಯ ನ್ಯಾಯಕ್ಕಿಂತ ಬೆರಳಿನ ನೋವು ಮಾತಾಡಿಸಿತು. ಆದರೂ ಮಾತಾಡಿದರಲ್ಲ.

ಅತ್ತೆ ದಾರಿ ಬಿಟ್ಟು ಸರಿದು ನಿಂತರು. "ತಲಿ ಮ್ಯಾಲೆ ಸೆರಗರ ಹಾಕ್ಕೊ," ಎಂದರು, ಸಣ್ಣ ದನಿಯಲ್ಲಿ.

"ಹಾಕ್ಕೊಳ್ಳಂಗಿಲ್ಲ," ಎಂದೆ.

ಅಲ್ಲಲ್ಲಿ ಬೋಳಾದ ನನ್ನ ತಲೆಗೆ ಕಿಟಕಿಯ ಬಿಸಿಲು ಬೀಳುತ್ತಿತ್ತು. ಎಳೆಗಳನ್ನು ಬಿಡಿಸಿಕೊಂಡೆ. ಇಷ್ಟು ದಿನ ಬಿಟ್ಟಿದ್ದ ಬೆರಳು ಮೊದಲೆರಡು ಕೊಂಡಿಗೆ ತಡವರಿಸಿದವು. ಅಣ್ಣ ಬಾಗಿಲಲ್ಲಿ ಬಂದು ಕೂತಿದ್ದ, ಕಮಲವ್ವ ನೋಡುತ್ತಾಳೆಂದು ಗದ್ದದ ಮೇಲೆ ಅಂಗೈ ಮುಚ್ಚಿಕೊಂಡಿದ್ದ.

"ಕೈ ತಗಿ ಅಣ್ಣಾ," ಎಂದೆ. "ಈ ತುದಿ ಹಿಡಿ."